ಗಿರಣಿ ಗಂಟಲು

ನಮ್ಮ ಬಟ್ಟೆ ಗಿರಣಿಯ ಊರು ಮಹಲ್ಲಾದವರನ್ನು ಗಂಟಲಿನಿಂದಲೇ ಗುರುತು ಹಿಡಿಯಬಹುದು. ಗಿರಣಿಯ ಮಗ್ಗಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಅಮ್ಮ, ಅಪ್ಪನ ತಂಗಿ ನಗ್ವಾ ಅತ್ತೆ, ಇಡೀ ಓಣಿಯೇ ಮನೆಯಲ್ಲೂ ಕಿರುಚುತ್ತಿತ್ತು. ಪಾಳಿ ಮುಗಿಸಿ ಬಂದ ಅಮ್ಮನ ಹುಬ್ಬಿನ ಮೇಲಿನ ಹತ್ತಿ ಒರೆಸುವುದು ನನ್ನ ಕೆಲಸ. ಅಲೆಕ್ಸಾಂಡ್ರಿಯಾದಲ್ಲಿ ಮದುವೆಯಾದ ಮೇಲೆ ಹೆಂಡತಿ ಹಾಲಾ ನನ್ನ ಕಿರುಚಾಟ ಬಿಡಿಸಿದಳು. ಅವಳು ದನಿ ಎತ್ತಿದ್ದನ್ನು ನಾನು ಕಂಡೇ ಇರಲಿಲ್ಲ.

ಈಗ ಆ ಗಿರಣಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಅತ್ತೆ ಅಲ್ಲೇ ಮನೆ ಮಾಡಿದಳೆಂದು ಹೋದ ತಿಂಗಳು ನೋಡಲು ಹೋದೆ. ಮಟಮಟ ಮಧ್ಯಾಹ್ನ. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳುವಷ್ಟು ನಿಶ್ಶಬ್ದ.

"ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ಲೋ ಶಾಕಿರ್?" ಅತ್ತೆ ಗಂಟಲು ಹರಿಯುವಂತೆ ಕೂಗಿದಳು.

"ಮೆತ್ತಗೆ ಮಾತಾಡು ಅತ್ತೆ, ಪಕ್ಕದಲ್ಲೇ ಇದ್ದೀನಲ್ಲ."

"ಏನಂದೆ? ಈ ಗದ್ದಲದಲ್ಲಿ ಏನೂ ಕೇಳ್ಸಲ್ಲ ಕಣೋ!"

ಪಾಪ, ವಯಸ್ಸಾಯಿತು ಎಂದುಕೊಂಡೆ. ಆದರೆ ಮೆಟ್ಟಿಲ ಮೇಲೆ ಆಡುತ್ತಿದ್ದ, ಗಿರಣಿಯನ್ನೇ ಕಾಣದ ಮಕ್ಕಳೂ ಹಾಗೇ ಕಿರುಚುತ್ತಿದ್ದವು. ಲೋಟದ ಚಹಾದಲ್ಲಿ ಸಣ್ಣ ಅಲೆ ಏಳುತ್ತಲೇ ಇತ್ತು. ಅತ್ತೆಯ ಹುಬ್ಬಿನ ಮೇಲೆ ಹತ್ತಿಯ ಎಳೆ ಕಂಡು ಒರೆಸಿದೆ. ಮತ್ತೆ ನೋಡಿದರೆ ಇನ್ನೊಂದು ಎಳೆ.

ಕೂತಲ್ಲಿ ಕೂರಲಾಗದೆ ಹಾಲಾಗೆ ಫೋನ್ ಮಾಡಿದೆ.

"ರೀ, ಯಾವ ಮಿಷನ್ ಪಕ್ಕ ನಿಂತಿದ್ದೀರಿ? ಒಂದಕ್ಷರ ಕೇಳ್ತಿಲ್ಲ, ಆಚೆ ಬನ್ನಿ."

ಚಹಾ ಅಲ್ಲೇ ಬಿಟ್ಟು ಅಲೆಕ್ಸಾಂಡ್ರಿಯಾದ ರೈಲು ಹತ್ತಿದೆ.

ನಿನ್ನೆ ಮೀನು ತರಲೆಂದು ಹೊರಟವನು, ಯಾವ ಮೀನು ಬೇಕೆಂದು ಕೇಳಲು ನಮ್ಮ ಮನೆಯ ಮೆಟ್ಟಿಲಿನಿಂದಲೇ ಅವಳಿಗೆ ಫೋನ್ ಮಾಡಿದೆ.

"ಅದೇ ಮಿಷನ್ ಸದ್ದು! ನನಗೆ ಹೇಳದೆ ಮತ್ತೆ ಮಹಲ್ಲಾಕ್ಕೆ ಹೋದ್ರಾ?" ಎಂದು ಹಾಲಾ ಗಂಟಲು ಹರಿಯುವಂತೆ ಕೂಗಿದಳು.