ಹಲಗೆಗೆ ಹತ್ತು ದಿನ

"ಬಲಗಣ್ಣು ಮುಚ್ಚಿ. ಕೊನೇ ಸಾಲು ಓದಿ."

ನಾನು ಹೋಗಿದ್ದು ನೆಲ ಅಳೆಯಲು. ಕನ್ನಡಕದ ಅಂಗಡಿ, ಅದರ ಹಿಂದೆಯೇ ಮನೆ, ಹಾಲಿಗೂ ರೂಮಿಗೂ ಮರದ ನೆಲ ಬೇಕಂತೆ ಎಂದು ಅಕ್ಕ ಚೀಟಿ ಕೊಟ್ಟು ಕಳಿಸಿದ್ದಳು. ಫ್ಲೋರಿಂಗ್ ಅಂಗಡಿ ಅಕ್ಕನದು. ನಾನು ಅವಳ ತಮ್ಮನೂ ಹೌದು, ಮೇಸ್ತ್ರಿಯೂ ಹೌದು, ದಿನಾ ಬೈಸಿಕೊಳ್ಳುವವನೂ ಹೌದು. ಒಳಗೆ ಕಾಲಿಟ್ಟವನು ಗೋಡೆಯ ಅಕ್ಷರದ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿದ್ದೇ ತಪ್ಪಾಯಿತು. ಬಿಳಿ ಕೋಟಿನ ಹುಡುಗಿ ನನ್ನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿಬಿಟ್ಟಳು.

ಆಗಲೇ ಹೇಳಬಹುದಿತ್ತು. ಆದರೆ ಅವಳು ಒಂದೊಂದೇ ಗಾಜು ಬದಲಿಸುತ್ತಾ, "ಇದು ಚೆನ್ನಾಗಿದೆಯಾ? ಇಲ್ಲಾ, ಇದಾ?" ಎಂದು ಕೇಳುತ್ತಿದ್ದಳು. ಆ ದನಿ ಮುಗಿಯದಿರಲಿ ಅನಿಸಿತು. "ಇನ್ನೊಂದ್ಸಲ ತೋರಿಸಿ" ಎಂದೆ. ತೋರಿಸಿದಳು. ಮತ್ತೂ ಒಂದು ಸಲ ಎಂದೆ.

"ನಿಮಗೆ ಕನ್ನಡಕ ಬೇಕೇ ಬೇಕು. ದೂರದ್ದಿರಲಿ, ಹತ್ತಿರದ್ದೇ ಕಾಣ್ತಿಲ್ಲ ನಿಮಗೆ. ಏನ್ ಕೆಲಸ ನಿಮ್ದು?"

"ನೆಲ ಹಾಕೋದು ಮೇಡಂ. ನಿಮ್ಮನೆ ನೆಲ ಅಳೆಯೋಕೇ ಬಂದೆ."

ಗಾಜು ಹಿಡಿದ ಕೈ ಹಾಗೇ ನಿಂತಿತು. "ಅಯ್ಯೋ! ಮೊದಲೇ ಹೇಳಬಾರದಿತ್ತಾ?"

"ನೀವು ಕಣ್ಣು ಮುಚ್ಚಿ ಅಂದ್ರಿ. ಬಾಯಿ ಬಿಡಿ ಅನ್ನಲಿಲ್ವಲ್ಲ."

ಅವಳು ನಕ್ಕಳು. ಆ ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ನಿಧಾನವಾಗಿ ತುಟಿಗೆ ಇಳಿಯಿತು. ನಾನು ಟೇಪು ತಂದಿದ್ದೇನೆ ಎಂಬುದನ್ನೇ ಮರೆತೆ.

ಹಿಂದಿನ ಮನೆಯ ಹಾಲ್‌ನಲ್ಲಿ ಮೂರು ಬಗೆಯ ಮರದ ತುಂಡು ಇಟ್ಟು ತೋರಿಸಿದೆ. ಅವಳು ಕೆನ್ನೆಗೆ ಕೈಯಿಟ್ಟು ಕೂತಳು. "ದಿನವಿಡೀ ಇದಾ ಅದಾ ಅಂತ ಊರಿಗೆಲ್ಲ ಕೇಳ್ತೀನಿ. ನನ್ನ ಸರದಿ ಬಂದ್ರೆ ಮಾತ್ರ ಏನೂ ತೋಚಲ್ಲ ನೋಡಿ."

"ಚಪ್ಪಲಿ ಬಿಟ್ಟು ಮೇಲೆ ನಿಲ್ಲಿ. ನೋಡೋದು ದಿನಕ್ಕೆ ನಾಲ್ಕು ಸಲ, ನಡೆಯೋದು ನಾನೂರು ಸಲ."

ನಿಂತಳು. ಎರಡನೆಯದರ ಮೇಲೆ ಅವಳ ಬೆರಳುಗಳು ಮೆಲ್ಲಗೆ ಅಗಲವಾದವು. ಜೇನಿನ ಬಣ್ಣದ, ನುಣುಪು ಹೆಚ್ಚಿಲ್ಲದ ಮರ ಅದು. "ಇದು ಬೆಚ್ಚಗಿದೆ," ಎಂದಳು. ಮರುಕ್ಷಣವೇ, "ಬೇಗ ಮುಗಿಸಿಕೊಡ್ತೀರಾ? ಅಂಗಡಿ ಮುಚ್ಚಿ, ಮನೇನ ಬಾಡಿಗೆಗೆ ಕೊಟ್ಟು ಅಣ್ಣನ ಊರಿಗೆ ಹೋಗ್ತಿದೀನಿ. ಅಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿ ನನಗೆ ಕೆಲಸ ನೋಡಿದ್ದಾನೆ. ನೆಲ ಆದ ತಕ್ಷಣ ಹೊರಡೋದೇ," ಎಂದಳು.

ಪರಿಚಯವಾಗಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಮರದ ಹಲಗೆಯನ್ನು ತಂದ ಕೂಡಲೇ ಹಾಕುವಂತಿಲ್ಲ. ಅದು ಬಾಳಬೇಕಾದ ಕೋಣೆಯಲ್ಲೇ ಬಿಚ್ಚಿಟ್ಟು, ಅಲ್ಲಿನ ಗಾಳಿಗೆ, ತೇವಕ್ಕೆ ಹೊಂದಿಕೊಳ್ಳಲು ಬಿಡಬೇಕು. ಅವಸರ ಮಾಡಿದರೆ ನಾಳೆ ಉಬ್ಬುತ್ತದೆ, ನಾಡಿದ್ದು ಬಿರುಕು ಬಿಡುತ್ತದೆ. ನಾವು ಹಾಕುವ ಹಲಗೆಗೆ ಮೂರು ದಿನ ಸಾಕು.

"ಹತ್ತು ದಿನ ಬೇಕಾಗತ್ತೆ ಮೇಡಂ," ಎಂದೆ.

ಹದಿನೈದು ವರ್ಷದ ಕೆಲಸದಲ್ಲಿ ಮರದ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಹಲಗೆಗಳು ಬಂದವು. ದಿನಾ ಸಂಜೆ ತೇವ ಅಳೆಯುವ ಮೀಟರು ಹಿಡಿದು ನಾನೂ ಹೋದೆ. ಕೆಲಸ ಎರಡು ನಿಮಿಷದ್ದು, ಟೀ ಒಂದು ಗಂಟೆಯದು. ಕಿಟಕಿಯ ಬೆಳಕು ಹಲಗೆಗಳ ಮೇಲೆ ಮಲಗಿರುತ್ತಿತ್ತು, ಕೋಣೆಯ ತುಂಬ ಹೊಸ ಮರದ ವಾಸನೆ. ಅವಳು ಲೋಟ ಕೊಡುವಾಗ ನಮ್ಮ ಬೆರಳು ತಾಗುತ್ತಿರಲಿಲ್ಲ, ತಾಗುವಷ್ಟು ಹತ್ತಿರ ಮಾತ್ರ ಬರುತ್ತಿದ್ದವು. ಅಣ್ಣನ ಫೋನು ಬಂದರೆ, "ಮರ ಇನ್ನೂ ಒಪ್ಪಿಲ್ವಂತೆ ಅಣ್ಣ," ಎಂದು ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದಳು.

ನಾಲ್ಕನೇ ದಿನ ನನ್ನ ಕನ್ನಡಕ ತಯಾರಾಯಿತು. ಅವಳೇ ತೊಡಿಸಿ, ಕಿವಿಯ ಹಿಂದೆ ಸರಿಮಾಡಿದಳು. ಸ್ಪಷ್ಟವಾಗಿ ನಾನು ಮೊದಲು ಕಂಡದ್ದು ಅವಳ ತುಟಿಯ ಪಕ್ಕದ ಸಣ್ಣ ಮಚ್ಚೆ.

"ಈಗ ಮೀಟರ್ ನೋಡಿ ಹೇಳಿ. ಇನ್ನೆಷ್ಟು ದಿನ?"

"ಇನ್ನೂ ಆರು," ಎಂದೆ. ಅವಳು ಏನೋ ಯೋಚಿಸಿ ತಲೆಯಾಡಿಸಿದಳು.

ಒಂಬತ್ತನೇ ದಿನ ಅಕ್ಕ ಹಿಡಿದುಕೊಂಡಳು. "ಮೂರು ದಿನದ ಹಲಗೆ ಒಂಬತ್ತು ದಿನ ಆದ್ರೂ ಒಗ್ಗಿಲ್ಲ ಅಂದ್ರೆ ಕಾಯಿಲೆ ಮರಕ್ಕಲ್ಲ ಕಣೋ."

"ಏನಕ್ಕಾ ಹಾಗಂದ್ರೆ?" ಎಂದು ಸುಮ್ಮಸುಮ್ಮನೆ ಕನ್ನಡಕ ಒರೆಸಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಇಷ್ಟ ಇದ್ರೆ ಬಾಯ್ಬಿಟ್ಟು ಹೇಳು. ಕೆಲಸಕ್ಕೆ ಸೇರಬೇಕಾದ ಹುಡುಗೀನ ಸುಳ್ಳು ಹೇಳಿ ಕಟ್ಟಿಹಾಕ್ತಿದೀಯಲ್ಲ, ನಾಚಿಕೆ ಆಗಲ್ವಾ?"

ಆಯಿತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹತ್ತನೇ ದಿನ ಟೀ ಮುಟ್ಟದೆ ಹೇಳಿಬಿಟ್ಟೆ. "ಹಲಗೆ ಮೂರೇ ದಿನಕ್ಕೆ ರೆಡಿ ಇತ್ತು ಮೇಡಂ. ನಾನೇ ಸುಳ್ಳು ಹೇಳಿದೆ. ನೆಲ ಆದ್ರೆ ನೀವು ಹೋಗ್ತೀರಿ. ನೀವು ಹೋಗೋದು ನಂಗೆ ಬೇಡ. ನೀವಂದ್ರೆ ನಂಗೆ ತುಂಬಾ ಇಷ್ಟ."

ನಾನು ಮುಟ್ಟದ ಲೋಟವನ್ನು ಅವಳು ಎತ್ತಿಕೊಂಡಳು. "ನಾಳೆ ಬಂದು ನೆಲ ಹಾಕಿ," ಎಂದಳು, ಅಷ್ಟೇ.

ಹಾಕಿದೆ. ಎರಡು ದಿನ. ಒಂದೊಂದು ಹಲಗೆ ಕೂಡಿಸಿದಾಗಲೂ ಅವಳು ಒಂದೊಂದು ಗೇಣು ದೂರ ಹೋದಂತೆ ಅನಿಸಿತು. ಆದರೂ ಕೆಲಸಕ್ಕೆ ಮೋಸ ಮಾಡಲಿಲ್ಲ. ಮರ ಹಿಗ್ಗಲು ಗೋಡೆಯ ಅಂಚಿಗೆ ಬೆರಳಷ್ಟು ಜಾಗ ಬಿಟ್ಟೆ, ಆ ಸಂದು ಕಾಣದಂತೆ ಮರದ ಪಟ್ಟಿ ಹೊಡೆದೆ, ಎಣ್ಣೆ ಹಚ್ಚಿ ಒರೆಸಿದೆ. ನನ್ನ ಕೈಯಿಂದ ಇಷ್ಟು ಚೆಂದದ ನೆಲ ಹಿಂದೆ ಬಂದಿರಲಿಲ್ಲ.

ಕೊನೆಗೆ ಸಾಮಾನು ಕಟ್ಟುತ್ತಾ, ತಲೆ ಎತ್ತದೆ ಹೇಳಿದೆ. "ಬಾಡಿಗೆಯವರಿಗೆ ಹೇಳಿ, ನೀರು ಸುರಿದು ತೊಳೀಬಾರದು. ಬಟ್ಟೆ ಚೆನ್ನಾಗಿ ಹಿಂಡಿ ಒರೆಸ್ಬೇಕು. ಏನಾದ್ರೂ ಚೆಲ್ಲಿದ್ರೆ ಆಗಲೇ ಒರೆಸ್ಬೇಕು. ಕುರ್ಚಿ ಎಳೀಬಾರದು, ಅದರ ಕಾಲಿಗೆ ದಪ್ಪ ಬಟ್ಟೆ ಅಂಟಿಸ್ಬೇಕು. ವರ್ಷಕ್ಕೊಂದ್ಸಲ ಎಣ್ಣೆ..."

"ನನಗೇ ಹೇಳಿ. ಬಾಡಿಗೆಯವರು ಬರಲ್ಲ."

ತಲೆ ಎತ್ತಿದೆ.

"ಹಲಗೆ ಬಂದ ಡಬ್ಬದ ಮೇಲೆ ಎಪ್ಪತ್ತೆರಡು ಗಂಟೆ ಬಿಟ್ರೆ ಸಾಕು ಅಂತ ಬರೆದಿತ್ತು, ಇರುವೆಯಷ್ಟು ಅಕ್ಷರದಲ್ಲಿ. ಪಾಪ, ಇವರಿಗೆ ಕಾಣಲಿಲ್ಲವೇನೋ ಅಂದ್ಕೊಂಡೆ. ಕನ್ನಡಕ ಹಾಕಿದ ಮೇಲೂ ಆರು ದಿನ ಅಂದ್ರಲ್ಲ, ಆಗ ಗೊತ್ತಾಯ್ತು."

"ಮತ್ತೆ... ಯಾಕೆ ಸುಮ್ನಿದ್ರಿ?"

"ನೀವಾಗೇ ಹೇಳ್ತೀರಾ ಇಲ್ವಾ ನೋಡ್ಬೇಕಿತ್ತು. ಹೇಳದೇ ಇದ್ದಿದ್ರೆ ಖಂಡಿತ ಹೋಗಿಬಿಡ್ತಿದ್ದೆ. ಹೇಳಿದ್ರಿ. ಅವತ್ತೇ ಅಣ್ಣನಿಗೆ ಬರಲ್ಲ ಅಂತ ಫೋನ್ ಮಾಡಿದೆ."

"ಅವತ್ತೇನಾ? ಎರಡು ದಿನ ನಾನು ಸತ್ತು ಬದುಕಿದೀನಿ ಮೇಡಂ!"

"ಹತ್ತು ದಿನ ಕಾಯಿಸಿದೋರಿಗೆ ಎರಡು ದಿನ ಕಾಯೋಕಾಗಲ್ವಾ?" ಅವಳು ಚಪ್ಪಲಿ ಬಿಟ್ಟು ಹೊಸ ನೆಲದ ಮೇಲೆ ನಡೆದು ಬಂದು, ನನ್ನ ಎದುರಿಗೇ ಕೂತಳು. ಎಣ್ಣೆ ಮೆತ್ತಿದ ನನ್ನ ಕೈಯನ್ನು ಹಾಗೇ ಹಿಡಿದುಕೊಂಡಳು. "ನಾಳೆ ಏನ್ ಕೆಲಸ ಇದೆ ನಿಮಗೆ?"

"ಇಲ್ಲಿ ಎಲ್ಲ ಮುಗೀತಲ್ಲ. ಏನೂ ಇಲ್ಲ."

"ಹಾಗಿದ್ರೆ ಬನ್ನಿ. ಸುಮ್ನೆ."