ಬರ್ತೀನಿ ಅನ್ನಬಾರದ ಮನೆ

“ಮುದುಕವ್ವನ ಮನಿಗೆ ಹೋಗ್ರಿ, ಹಾಡು ಕೇಳ್ರಿ, ಚಾ ಕುಡೀರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಏಳೂಮುಂದ ‘ಬರ್ತೀನಿ’ ಅಂತ ಮಾತ್ರ ಅನಬ್ಯಾಡ್ರಿ.”

ಬೆಟಗೇರಿಯ ತನ್ನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕುಳಿತು ಯಮನೂರಸಾಬ ಹೀಗೆ ಹೇಳಿದಾಗ ಅಂಕಿತಾಳಿಗೆ ನಗು ತಡೆಯಲಾಗಲಿಲ್ಲ.

“ಮತ್ತೇನು ಅನ್ನಲಿ ಸಾಬರ? ‘ಹೋಗ್ತೀನಿ’ ಅಂದ್ರ ನಮ್ಮತ್ತಿ ಬಾಯಿಗೆ ಬಡೀತಾರ.”

“ಏನೂ ಅನಬ್ಯಾಡ್ರಿ. ಸತ್ತವರ ಮಣ್ಣಿಗೆ ಹೋದವ್ರು ಹೇಳದ ಏಳ್ತಾರಲ್ಲ, ಹಂಗ ಸುಮ್ಮನ ಎದ್ದು ಬರ್ರಿ.”

ಮುದುಕ ನಗಲಿಲ್ಲ. ಐವತ್ತು ವರ್ಷದ ಹಿಂದೆ ಅವನು ‘ಗಾಳಿಗುಡ್ಡ’ ಎಂಬ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ. ನಾಲ್ವರು ಗೆಳೆಯರು, ಒಂದು ಗಿಟಾರು, ಕರೆಂಟಿನ ತಂತಿ ಸುತ್ತಿದ ಒಂದು ಹಾರ್ಮೋನಿಯಂ. ದನಿಯನ್ನು ಸುತ್ತಿಸಿ ಅಮಲೇರಿಸುವ ಸೈಕೆಡೆಲಿಕ್ ರಾಕ್ ಎಂದರೆ ಏನೆಂದು ಈ ಕಡೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ‘ಬರ್ತೀನಿ’ ಹೆಸರಿನ ರಿಕಾರ್ಡು ತಂದರು. ಜನ ಒಂದು ಹಾಡು ಕೇಳಿ ಹುಚ್ಚರ ಸಂತೆ ಎಂದು ಎದ್ದುಹೋದರು. ಅದೇ ತಿಂಗಳು ಹಾಡುಗಾರ ಹೊನ್ನೇಶ ಮುಂಬೈಗೆಂದು ಹೊರಟವನು ತಿರುಗಿ ಬರಲಿಲ್ಲ. ತಂಡದ ಮೊದಲ ರಿಕಾರ್ಡೇ ಕೊನೆಯದಾಯಿತು.

ಅಂಕಿತಾ ಹುಬ್ಬಳ್ಳಿಯವಳು, ಮದುವೆಯಾಗಿ ಗದಗಿಗೆ ಬಂದವಳು. ಹಳೆಯ ರಿಕಾರ್ಡು ತೊಳೆದು ಕಂಪ್ಯೂಟರಿಗೆ ಇಳಿಸುವುದು ಅವಳ ಕಸುಬು. ಗಾಳಿಗುಡ್ಡದವರ ಹಾಡುಗಳನ್ನು ಮತ್ತೆ ಹೊರತರಬೇಕೆಂದು ಹಟ ಹಿಡಿದಿದ್ದಳು. ಸಿಕ್ಕ ಪ್ರತಿಗಳಲ್ಲೆಲ್ಲ ಕೊನೆಯ ಹಾಡು ಕೆರೆದುಹೋಗಿತ್ತು. ಸರಿಯಿದ್ದದ್ದು ಒಂದೇ, ಅದು ಲಕ್ಷ್ಮೇಶ್ವರದಲ್ಲಿ ಹೊನ್ನೇಶನ ಹೆಂಡತಿ ಮುದುಕವ್ವನ ಹತ್ತಿರ. ಮಾಟ ಗೀಟ ಎಂದರೆ ಒಂದು ನಿಂಬೆಹಣ್ಣು ದಂಡ ಎನ್ನುವಷ್ಟೇ ಚಿಂತೆ ಅಂಕಿತಾಳಿಗೆ. ಸಾಬನ ಮಾತನ್ನು ಅಂಗಡಿಯ ಮೆಟ್ಟಿಲ ಮೇಲೇ ಬಿಟ್ಟು ಬಂದಳು.

ಮರುದಿನ ಬೆಳಗ್ಗೆ ಆರು ವರ್ಷದ ಮಗಳು ಶಿವಲಕ್ಷ್ಮಿಯನ್ನು ಶಾಲೆಯ ಗೇಟಿನಲ್ಲಿ ಬಿಟ್ಟಳು. ಗಂಡ ಮಹಾದೇವ ಊರಲ್ಲಿರಲಿಲ್ಲ. “ಮೂರೂವರಿಗೆ ನೀನ ಬರಬೇಕು ನೋಡು,” ಎಂದು ಹುಡುಗಿ ಅವಳ ಕಿರುಬೆರಳು ಹಿಡಿದು ಎಳೆದಳು. ಅಂಕಿತಾ ಅದರ ಕೆನ್ನೆ ಹಿಂಡಿ ಬಸ್ ಹತ್ತಿದಳು.

ಮುದುಕವ್ವನ ಮನೆಯಲ್ಲಿ ಹಗಲಿನಲ್ಲೂ ಕತ್ತಲು. ಸುಟ್ಟ ಮೆಣಸಿನಕಾಯಿ, ಕಮಟು ಎಣ್ಣೆ, ಮುಗ್ಗಲು ಬಟ್ಟೆಯ ವಾಸನೆ ಮೂಗಿಗೆ ಅಡರಿತು. ಎಪ್ಪತ್ತು ದಾಟಿದ ಮುದುಕಿ ಕೆಂಪು ಬಟ್ಟೆ ಬಿಚ್ಚಿ ರಿಕಾರ್ಡು ತೆಗೆದಳು. ನಡುವಿನ ತೂತಿನಲ್ಲಿ ಕರಿದಾರ ಸುತ್ತಿತ್ತು, ದಾರದ ತುಂಬ ಕುಂಕುಮ ಹೆಪ್ಪುಗಟ್ಟಿತ್ತು. ಅದನ್ನು ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಸೂಜಿ ಇಳಿಯಿತು. ಅಂಕಿತಾ ಹೆಡ್‌ಫೋನು ಹಾಕಿಕೊಂಡಳು. ಗಿಟಾರು ಗುಂಯ್ ಎಂದು ಹಿಂದಕ್ಕೂ ಮುಂದಕ್ಕೂ ತೂಗಿತು. ಹಾರ್ಮೋನಿಯಂ ಉಸಿರುಗಟ್ಟಿದವರಂತೆ ಏದಿತು. ಆಮೇಲೆ ಹೊನ್ನೇಶನ ದನಿ. “ಬರ್ತೀನಿ... ತೀನಿ... ನಿ...” ಒಂದೇ ಮಾತು, ಕಿವಿಯಿಂದ ಕಿವಿಗೆ ಸುತ್ತುತ್ತಿತ್ತು. ಎಂಥ ಹಾಡು! ಅವಳಿಗೆ ಖುಷಿಯಿಂದ ಮೈ ಜುಮ್ಮೆಂದಿತು. ದನಿಯ ಅಡಿಯಲ್ಲಿ ಯಾರೋ ನಡೆಯುವ ಸಪ್ಪಳವಿತ್ತು. ತಾಳಕ್ಕೆ ಕಾಲು ಕುಟ್ಟಿರಬೇಕೆಂದುಕೊಂಡಳು.

ಹಾಡು ಇಳಿಸಿಕೊಂಡು, ಚಹಾ ಕುಡಿದು, ಚೀಲ ಹೆಗಲಿಗೇರಿಸಿದಾಗ ಹನ್ನೊಂದು ಗಂಟೆ. ಹೊಸ್ತಿಲು ದಾಟುತ್ತ ತಿರುಗಿ ಕೈಮುಗಿದಳು. ಹುಟ್ಟಿದಾಗಿನಿಂದ ಯಾರ ಮನೆಯಿಂದ ಎದ್ದರೂ ಅಂದ ಮಾತು, ನಾಲಿಗೆ ತಾನಾಗಿ ಆಡಿತು.

“ಬರ್ತೀನ್ರಿ ಅಮ್ಮಾ.”

ಅಂದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಮುದುಕವ್ವನ ಮುಖ ಮದುಮಗಳ ಹಾಗೆ ಅರಳಿತು.

“ಬಾ ನನ್ನವ್ವಾ, ಬಾ. ಜಲ್ದಿ ಬಾ.”

ಬಸ್ಸು ಮುಳಗುಂದಕ್ಕೆ ಬಂದಾಗ ಅಂಕಿತಾ ಎದ್ದು ಇಳಿದಳು. ಯಾಕೆ ಇಳಿದೆನೆಂದು ಹೊಳೆಯುವುದರೊಳಗೆ ಎದುರಿನ ಬಸ್ ಹತ್ತಿ ಲಕ್ಷ್ಮೇಶ್ವರದಲ್ಲಿದ್ದಳು. ಕಾಲುಗಳು ಅವಳನ್ನು ಮುದುಕವ್ವನ ಅಂಗಳದವರೆಗೆ ಒಯ್ದು ಬಿಟ್ಟವು. ನಿದ್ದೆಗಣ್ಣಿರಬೇಕೆಂದು ಮುಖಕ್ಕೆ ನೀರು ಹೊಡೆದುಕೊಂಡು ಮತ್ತೆ ಹೊರಟಳು. ಈ ಸಲ ಬಸ್ಸು ಊರು ದಾಟುವಷ್ಟರಲ್ಲೇ ಇಳಿದಿದ್ದಳು. ಮೂರನೆಯ ಸಲ ದುಪಟ್ಟಾದಿಂದ ಕಾಲನ್ನು ಸೀಟಿನ ಕಬ್ಬಿಣಕ್ಕೆ ಬಿಗಿದಳು. ಅವಳ ಕೈಯೇ ಗಂಟು ಬಿಚ್ಚಿತು. “ಏನ್ರೀ ಅಕ್ಕಾರ, ಹತ್ತೋದು ಇಳಿಯೋದು ಆಟ ಹಚ್ಚೀರೇನು?” ಎಂದು ಕಂಡಕ್ಟರು ರೇಗಿದ. ಅವಳಿಗೆ ಅಳು ಬಂತು.

ಎರಡೂವರೆಗೆ ಮುದುಕವ್ವನ ಪಡಸಾಲೆಯಲ್ಲಿ ಬಿದ್ದುಕೊಂಡು ಕೇಳಿದಳು.

“ನನಗೇನು ಮಾಡೀರಿ?”

“ನಿನಗಲ್ಲವ್ವಾ. ಅವಗ ಮಾಡಿಸಿದ್ದು. ಬರ್ತೀನಿ ಅಂದು ಹೋದ, ಬರಲಿಲ್ಲ. ಮಾಟಗಾರ ಅವನ ಕೂದಲಾ ಕೇಳಿದ, ಉಟ್ಟ ಅರಿವಿ ಕೇಳಿದ. ನನ್ನ ಹತ್ರ ಅವನ ದನಿ ಅಷ್ಟ ಇತ್ತು. ರಿಕಾರ್ಡು ಕೊಟ್ಟೆ. ಮಾಟದ ಕಟ್ಟು ಅವನ ಮೈಗೆ ಬೀಳಲಿಲ್ಲ, ‘ಬರ್ತೀನಿ’ ಅನ್ನೋ ಅವನ ಮಾತಿಗೆ ಬಿತ್ತು. ಈ ಮನ್ಯಾಗ ಆ ಮಾತು ಯಾರು ಆಡಿದ್ರೂ ಬರಬೇಕಾಕ್ಕೈತಿ. ತಂಡದ ಇಬ್ಬರು ಹಿಂಗ ಹೋಗಿ ಬಂದು, ಹೋಗಿ ಬಂದು, ದಾರ್ಯಾಗ ಸತ್ರು.” ಮುದುಕಿ ದನಿ ತಗ್ಗಿಸಿದಳು. “ಒಬ್ಬೊಬ್ಬರು ಬಂದಂಗ ಅವನೂ ಒಂದೊಂದು ಹೆಜ್ಜಿ ಹತ್ರ ಬರಾಕತ್ಯಾನ.”

“ಬಿಡಿಸೋದು ಹೆಂಗ?”

“ನಾ ‘ಹೋಗು’ ಅನ್ನಬೇಕು. ಬರೇ ಹೋಗು.”

“ಅನ್ರಿ ಮತ್ತ! ನನ್ನ ಕೂಸು ಗೇಟಿನ್ಯಾಗ ನಿಂದರತೈತಿ!”

“ಅಂದ್ರ ಅವನೂ ಹೋಗ್ತಾನ,” ಎಂದಳು ಮುದುಕವ್ವ. ಐವತ್ತು ವರ್ಷ ಬಾಗಿಲು ಕಾದ ಕಣ್ಣುಗಳು ತುಂಬಿದವು. ಅಂಥ ಹೊತ್ತಿನಲ್ಲೂ ಅಂಕಿತಾಳಿಗೆ ಅವಳ ಮೇಲೆ ಕನಿಕರ ಹುಟ್ಟಿತು. ಆದರೂ ಕಾಲು ಹಿಡಿದಳು, ಹಣೆ ಚಚ್ಚಿಕೊಂಡಳು. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಳು.

ಆಗ ರಿಕಾರ್ಡು ತಿರುಗತೊಡಗಿತು. ಯಾರೂ ಸೂಜಿ ಇಟ್ಟಿರಲಿಲ್ಲ.

ಗಿಟಾರಿಲ್ಲ. ಹಾರ್ಮೋನಿಯಂ ಇಲ್ಲ. ಬರೀ ನಡೆಯುವ ಸಪ್ಪಳ. ಮೊದಲು ರಿಕಾರ್ಡಿನೊಳಗೆ. ಆಮೇಲೆ ಓಣಿಯಲ್ಲಿ. ಆಮೇಲೆ ಅಂಗಳದಲ್ಲಿ. ಹಸಿ ಎರೆಮಣ್ಣಿನ ವಾಸನೆ ಬಂತು. ಅದರ ಹಿಂದೆಯೇ ಕೊಳೆತ ಹೂವಿನದು. ಕಿಟಕಿಯ ಬೆಳಕು ಸತ್ತಿತು. ಚಿಲಕ ತಾನೇ ಜಾರಿತು.

“ಬಂದೇನಿ... ದೇನಿ... ನಿ...”

ಬಾಗಿಲು ತೆರೆಯಿತು. ಅದು ನಿಂತಿತ್ತು. ಕೊರಳಲ್ಲಿ ಗಿಟಾರಿನ ಪಟ್ಟಿ. ಕಣ್ಣಿನ ಜಾಗದಲ್ಲಿ ಬೇರು. ಬಾಯಿ ತುಂಬ ಎರೆಮಣ್ಣು. ಆದರೂ ಹಾಡುತ್ತಿತ್ತು. ಒಂದು ಕಾಲು ಒಳಗಿಟ್ಟಿತು. ಎರಡೂ ಕೈ ಚಾಚಿತು. ಮುದುಕವ್ವ ಎದ್ದಳು. ಒಂದು ಹೆಜ್ಜೆ ಮುಂದಿಟ್ಟಳು. ಅದರ ಬೆರಳು ಕೆನ್ನೆಗೆ ತಾಗಿತು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿದಳು.

“ಹೋಗು!” ಎಂದು ಕಿರುಚಿದಳು. “ಹೋಗು! ಹೋಗು!”

ಬೆಳಕು ಮರಳಿತು. ಬಾಗಿಲು ಖಾಲಿ. ರಿಕಾರ್ಡು ನಡುವೆ ಸೀಳಿತ್ತು. ಮುದುಕವ್ವ ನೆಲಕ್ಕೆ ಕುಸಿದು, ಗಂಡ ಅಂದೇ ಸತ್ತವಳಂತೆ ಎದೆ ಬಡಿದುಕೊಂಡು ಅತ್ತಳು. ಅಂಕಿತಾ ಚೀಲ ಅಲ್ಲೇ ಬಿಟ್ಟು ಓಡಿದಳು.

ಹೊರಟ ಬಸ್ಸನ್ನು ಓಡಿ ಹಿಡಿದಳು. ಊರು ದಾಟಿತು. ಮುಳಗುಂದ ದಾಟಿತು. ಯಾರೂ ಹಿಂದಕ್ಕೆ ಎಳೆಯಲಿಲ್ಲ. ಅವಳು ನಕ್ಕಳು, ಅತ್ತಳು, ಪಕ್ಕದ ಅಜ್ಜಿಯ ಕೈ ಹಿಡಿದುಕೊಂಡಳು. ಕೂರಲಾಗದೆ ದಾರಿಯುದ್ದಕ್ಕೂ ಬಸ್ಸಿನೊಳಗೇ ಹಿಂದೆ ಮುಂದೆ ಓಡಾಡಿದಳು. ಅವಸರವಲ್ಲವೇ, ಎಂದುಕೊಂಡಳು.

ನಾಲ್ಕೂವರೆ. ಶಾಲೆ ಬಿಕೋ ಎನ್ನುತ್ತಿತ್ತು. ಗೇಟಿನ ಕಟ್ಟೆಯ ಮೇಲೆ ಆಯಾ ಅಲ್ಮಾಸಬಿಯ ಮಗ್ಗುಲಲ್ಲಿ ಶಿವಲಕ್ಷ್ಮಿ ಕುಳಿತಿದ್ದಳು. ತಾಯಿಯನ್ನು ಕಂಡವಳೇ ಕೈಚಾಚಿ ಓಡಿ ಬಂದಳು. ಅಂಕಿತಾ ಬಗ್ಗಿ ತಬ್ಬಿಕೊಳ್ಳಹೋದಳು.

ಕಾಲು ನಿಲ್ಲಲಿಲ್ಲ.

ಮಗಳ ಕೂದಲಿಗೆ ಬೆರಳು ತಾಗಿತು, ಜಾರಿತು. ಗೇಟಿನ ಸರಳು ಹಿಡಿದಳು. ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಆಗ ತಿಳಿಯಿತು. ಮುದುಕಿ ಕಿರುಚಿದಾಗ ಆ ಮನೆಯಲ್ಲಿ ಅವನೂ ಇದ್ದ, ತಾನೂ ಇದ್ದೆ, ಮಾತು ಇಬ್ಬರಿಗೂ ತಗುಲಿತ್ತು. ಮುದುಕಿ ಹೋಗಿ ಬಾ ಎಂದಿರಲಿಲ್ಲ, ಹೋಗು ಎಂದಷ್ಟೇ ಅಂದಿದ್ದಳು. ಇನ್ನು ಎಲ್ಲಿಯೂ ನಿಲ್ಲದೆ ಹೋಗುತ್ತಲೇ ಇರಬೇಕು.

“ಅವ್ವಾ, ಎಲ್ಲಿ ಹೊಂಟಿ? ಅವ್ವಾ, ಬಾ!”

“ಕೂಸಿನ್ನ ಹಿಡಕೊಳ್ರಿ ಅಲ್ಮಾಸಬಿ! ನನ್ನ ಹಿಂದ ಬಿಡಬ್ಯಾಡ್ರಿ!”

ಅಲ್ಮಾಸಬಿ ಓಡಿ ಬಂದು ಹುಡುಗಿಯನ್ನು ಎತ್ತಿಕೊಂಡಳು. ಅಂಕಿತಾ ಕತ್ತು ತಿರುಗಿಸಿ ಮಗಳನ್ನು ನೋಡುತ್ತಲೇ ಇದ್ದಳು. ಕಾಲುಗಳು ಊರಾಚೆಗೆ ಒಯ್ಯುವ ಮುಂಡರಗಿ ರಸ್ತೆ ಹಿಡಿದಿದ್ದವು.