ನಕ್ಷೆಯಲ್ಲಿ ಸುತ್ತು ಹಾಕಿದ ಊರು

ಊರೂರು ಸುತ್ತುವ ಆಸೆ ಮೊದಲು ಹುಟ್ಟಿದ್ದು ಅಪೊಲೆನಾಗೆ. ಅನುಮಾನ ಹುಟ್ಟಿದ್ದೂ ಅವಳಿಗೇ.

ಚೆಕ್ ದೇಶದ ಟೆಲ್ಚ್ ಪಟ್ಟಣದ ಚೌಕದಲ್ಲಿ, ಕಮಾನುಗಳ ಕೆಳಗೆ ಅವಳ ಗಡಿಯಾರ ರಿಪೇರಿ ಅಂಗಡಿ. ಆ ಭಾನುವಾರ ಬೆಳಿಗ್ಗೆ ಮೇಜಿನ ಮೇಲಿನ ತಿರುಪು, ಸ್ಪ್ರಿಂಗುಗಳನ್ನೆಲ್ಲ ಒತ್ತರಿಸಿ ಜೊತೆಗಾರ ಫಾಲ್ಕೊನ ಹಳೆಯ ನಕ್ಷೆ ಹಾಸಿಕೊಂಡಿದ್ದಳು. ಕುಟ್ನಾ ಹೊರಾ, ಮೈಸೆನ್, ನೌಂಬುರ್ಗ್, ಎರ್ಫುರ್ಟ್, ಲ್ಯೂಬೆಕ್. ಹಳೆ ಗೋಡೆ, ಹಳೆ ಗೋಪುರ, ಹಳೆ ಗಡಿಯಾರಗಳಿರುವ ಊರುಗಳೇ ಎಲ್ಲ. ಎದುರಿಗೆ ಕೂತ ಫಾಲ್ಕೊ ಪೆನ್ಸಿಲಿನಲ್ಲಿ ದಾರಿ ಗೀಚುತ್ತಿದ್ದ.

"ಎರ್ಫುರ್ಟ್ ಆದ್ಮೇಲೆ ವೆರ್ನಿಗೆರೋಡೆ ನೋಡೋಣ," ಎಂದಳು ಅಪೊಲೆನಾ.

"ಅದು ಬೇಡ."

"ಯಾಕೆ?"

"ಆ ಕಡೆ ರಸ್ತೆ ಸರಿಯಿಲ್ಲ."

"ಜರ್ಮನಿಯಲ್ಲಿ ರಸ್ತೆ ಸರಿಯಿಲ್ವಾ? ಹಾಲ್ಬರ್‌ಸ್ಟಾಟ್‌ಗೆ ಹೋಗೋಣ ಹಾಗಾದ್ರೆ."

"ಅಲ್ಲೇನಿದೆ ನೋಡೋಕೆ?"

ಅವನ ಪೆನ್ಸಿಲು ಆ ಭಾಗವನ್ನೇ ಬಳಸಿಕೊಂಡು ಉತ್ತರಕ್ಕೆ ಹೋಯಿತು. ದಾರಿಯಲ್ಲಿ ನಿಂತ ನೀರನ್ನು ಬಳಸಿ ಹೋಗುವವರ ಹಾಗೆ. ಅಪೊಲೆನಾ ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡಳು. ಕ್ವೆಡ್ಲಿನ್‌ಬುರ್ಗ್ ಎಂಬ ಊರಿನ ಮೇಲೆ ಕೈವಾರದ ಮುಳ್ಳು ಚುಚ್ಚಿದ ಸಣ್ಣ ತೂತು. ಅದರ ಸುತ್ತ ಅಳಿಸಿಹಾಕಿದ ಒಂದು ವೃತ್ತ.

ಅನುಮಾನ ಬಂದಾಗ ಅವಳ ಬಾಯಿ ಮುಚ್ಚುತ್ತದೆ, ಕಣ್ಣು ತೆರೆಯುತ್ತದೆ.

"ಎಷ್ಟು ದಿನ?" ಎಂದಳು.

"ಹನ್ನೆರಡು. ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ."

"ಹನ್ನೆರಡನೇ ದಿನ ಎಲ್ಲಿ?"

"ಅದೊಂದು ಖಾಲಿ ಇರಲಿ." ಅವನ ಕಿವಿ ಕೆಂಪಾಗಿತ್ತು. "ಆಮೇಲೆ, ನಾನು ಫೋನ್ ತರಲ್ಲ."

ಕ್ರಿಸ್ಮಸ್‌ನಲ್ಲಿ ಅವಳೇ ಮದುವೆಯ ಮಾತು ಎತ್ತಿದಾಗಲೂ "ಒಂದು ಪ್ರವಾಸ ಮುಗೀಲಿ" ಎಂದು ಜಾರಿಕೊಂಡಿದ್ದ. ನಾಲ್ಕು ವರ್ಷದಿಂದ ಒಂದೇ ಸೂರಿನಡಿ ಇದ್ದಾರೆ. ಮನೆಯವರ ವಿಷಯ ಬಂದರೆ ಮಾತ್ರ "ಅಷ್ಟಕ್ಕಷ್ಟೇ" ಎಂದು ಸುಮ್ಮನಾಗುತ್ತಾನೆ.

ಪಕ್ಕದ ಬೇಕರಿಯ ಬೊಹುನ್ಕಾ ಮರುದಿನ ಬೆಂಕಿಗೆ ತುಪ್ಪ ಸುರಿದಳು. "ಫೋನ್ ಬಿಟ್ಟು ಹೊರಡೋ ಗಂಡಸರು ಎರಡೇ ಥರ ಕಣೇ. ಒಬ್ಬ ಮಠದ ಸನ್ಯಾಸಿ, ಇನ್ನೊಬ್ಬ ಎರಡು ಸಂಸಾರ ಇರೋನು. ನಿನ್ನೋನು ಸನ್ಯಾಸಿಯಂತೂ ಅಲ್ಲ."

"ಸುಮ್ನಿರೇ!" ಎಂದಳು ಅಪೊಲೆನಾ. ಆದರೆ ಅರ್ಧ ತಿಂದ ಪ್ಲಮ್ ಬನ್ನನ್ನು ತಟ್ಟೆಗೇ ವಾಪಸಿಟ್ಟಳು. ಆ ವೃತ್ತದೊಳಗೆ ಯಾರಿದ್ದಾರೆಂದು ಗೊತ್ತಾಗದೆ ಕಾರು ಹತ್ತುವುದಿಲ್ಲ, ಗೊತ್ತಾದ ಮೇಲೆ ಅವನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ನೋಡೋಣ ಎಂದು ನಿರ್ಧರಿಸಿಬಿಟ್ಟಳು.

ಮಧ್ಯಾಹ್ನ ಅವನು ಯಾರದೋ ಚಾವಣಿ ಕೆಲಸಕ್ಕೆ ಹೋಗಿದ್ದಾಗ ಮೆಟ್ಟಿಲ ಕೆಳಗಿನ ಅವನ ಗಂಟು ಬಿಚ್ಚಿದಳು. ಪ್ರೇಮಪತ್ರ ಹುಡುಕಿದವಳಿಗೆ ಸಿಕ್ಕಿದ್ದು ಅವನು ಮೊದಲ ಸಲ ಈ ಊರಿಗೆ ಬಂದಾಗ ತೊಟ್ಟಿದ್ದ ಕಪ್ಪು ದಿರಿಸು, ಅಗಲ ಅಂಚಿನ ಟೋಪಿ, ಒಂದು ಪುಸ್ತಕ. ಪುಟ ಪುಟಕ್ಕೂ ಊರೂರಿನ ಮುದ್ರೆ. ಮೊದಲ ಪುಟದಲ್ಲಿ ಕ್ವೆಡ್ಲಿನ್‌ಬುರ್ಗ್. ಕೊನೆಯದು ನಾಲ್ಕು ವರ್ಷ ಹಿಂದಿನ ಟೆಲ್ಚ್. ಆಮೇಲೆಲ್ಲ ಖಾಲಿ.

ಅವನು ಬಂದಾಗ ಪುಸ್ತಕ ಅವಳ ಮಡಿಲಲ್ಲೇ ಇತ್ತು.

"ಯಾರವಳು?"

"ಯಾರು?"

"ಕ್ವೆಡ್ಲಿನ್‌ಬುರ್ಗ್‌ನಲ್ಲಿ ಇರೋಳು!"

ಫಾಲ್ಕೊ ತಲೆಯ ಮೇಲಿನ ಮರದ ಪುಡಿಯನ್ನೂ ಕೊಡವದೆ ನೆಲದ ಮೇಲೆ ಕೂತುಬಿಟ್ಟ. "ನಮ್ಮಮ್ಮ," ಎಂದ.

ಅಪೊಲೆನಾ ಪುಸ್ತಕದ ಮೊದಲ ಪುಟ ಮತ್ತೆ ತೆರೆದು ನೋಡಿದಳು.

"ನಮ್ಮ ಕಡೆ ಬಡಗಿ ಕೆಲಸ ಕಲಿತೋರು ಮೂರು ವರ್ಷ ಒಂದು ದಿನ ಊರೂರು ತಿರುಗಿ ದುಡೀಬೇಕು, ಗೊತ್ತಲ್ಲ. ಅಲ್ಲೀವರೆಗೂ ನಮ್ಮೂರಿನ ಸುತ್ತ ಐವತ್ತು ಕಿಲೋಮೀಟರ್ ಒಳಗೆ ಕಾಲಿಡೋ ಹಾಗಿಲ್ಲ. ಫೋನ್ ಇಲ್ಲ, ಮದುವೆ ಇಲ್ಲ. ಒಂದೂರಲ್ಲಿ ಮೂರು ತಿಂಗಳ ಮೇಲೆ ಇರೋ ಹಾಗಿಲ್ಲ."

"ಎಲ್ಲಾ ಮುಗಿಸ್ಕೊಂಡೇ ಬಂದೆ ಅಂದಿದ್ಯಲ್ಲೋ!"

"ಸುಳ್ಳು ಹೇಳ್ದೆ. ಇನ್ನೂ ಹನ್ನೆರಡು ದಿನ ಉಳಿದಿತ್ತು." ಅವನ ಧ್ವನಿ ತಗ್ಗಿತು. "ಹೊರಡೋಕೆ ಗಂಟು ಕಟ್ಟಿದ್ದೆ. ನೀನು ಹೊಸ್ತಿಲಲ್ಲಿ ಕೂತು ಯಾವುದೋ ಗಡಿಯಾರ ಕಿವಿಗೆ ಹಿಡ್ಕೊಂಡು ನಗ್ತಿದ್ದೆ. ಹೋಗಿ ಬರ್ತೀನಿ, ಕಾಯ್ತೀಯಾ ಅಂತ ಕೇಳೋ ಧೈರ್ಯ ಬರ್ಲಿಲ್ಲ. ಗಂಟು ಬಿಚ್ಚಿಬಿಟ್ಟೆ. ಅರ್ಧಕ್ಕೆ ಬಿಟ್ಟೋನು ಯಾವ ಮುಖ ಇಟ್ಕೊಂಡು ಮನೆಗೆ ಹೋಗ್ಲಿ? ಈಗ ನಮ್ಮ ಹಿರಿಯ ಬಡಗಿಗೆ ಕಾಗದ ಬರೆದೆ. ಉಳಿದ ದಿನ ಮುಗಿಸಿ, ಕೊನೇ ದಿನ ಊರಿಗೆ ಬಾ ಅಂದಿದ್ದಾರೆ."

ತನಗಾಗಿ ಒಬ್ಬ ಮನುಷ್ಯ ತನ್ನ ಊರನ್ನೇ ಕಳೆದುಕೊಂಡು ಕೂತಿದ್ದ. ಅವಳು ಆ ಊರಿನಲ್ಲಿ ಸವತಿಯನ್ನು ಹುಡುಕುತ್ತಿದ್ದಳು. ಅಪೊಲೆನಾಗೆ ನಾಚಿಕೆಯಾಯಿತು, ಅಳು ಬಂತು, ಜೊತೆಗೆ ಸಿಟ್ಟೂ ಬಂತು.

"ನಾಲ್ಕು ವರ್ಷ ಮುಚ್ಚಿಟ್ಟಿದ್ದಕ್ಕೆ ಈ ಕೋಪ ಬೇಗ ಇಳಿಯಲ್ಲ, ತಿಳ್ಕೋ," ಎಂದಳು, ಮೂಗು ಒರೆಸಿಕೊಳ್ಳುತ್ತ. ಪೆನ್ಸಿಲು ತೆಗೆದುಕೊಂಡು, ನಕ್ಷೆಯ ಮೂಲೆಯಲ್ಲಿದ್ದ ಪ್ರವಾಸದ ಪಟ್ಟಿಯಲ್ಲಿ ಹನ್ನೆರಡನೇ ದಿನದ ಮುಂದೆ ಕ್ವೆಡ್ಲಿನ್‌ಬುರ್ಗ್ ಎಂದು ಒತ್ತಿ ಬರೆದಳು. "ಕಾರಲ್ಲಿ ಹೋಗ್ಬಹುದಾ?"

"ದುಡ್ಡು ಕೊಟ್ಟು ಹತ್ತೋ ಹಾಗಿಲ್ಲ. ಯಾರಾದ್ರೂ ಪುಣ್ಯಾತ್ಮರು ನಿಲ್ಲಿಸಿ ಹತ್ತಿಸ್ಕೊಂಡ್ರೆ ಹತ್ತಬಹುದು."

ಜೂನ್ ತಿಂಗಳ ಒಂದು ಬೆಳಿಗ್ಗೆ ಊರಾಚೆಯ ಕೆರೆ ಏರಿಯ ಹತ್ತಿರ ಕಪ್ಪು ದಿರಿಸು ತೊಟ್ಟವನೊಬ್ಬ ಗಂಟು ಹಿಡಿದು, ಹೆಬ್ಬೆರಳು ಎತ್ತಿ ನಿಂತಿದ್ದ. ಹಳೆಯ ಬಿಳಿ ಕಾರೊಂದು ಅವನನ್ನು ದಾಟಿ ಭರ್ರನೆ ಹೋಯಿತು. ಅವನ ಮುಖ ಸಪ್ಪಗಾಯಿತು. ಕಾರು ನಿಂತಿತು, ಹಿಮ್ಮುಖವಾಗಿ ಬಂತು. ಗಾಜು ಇಳಿಯಿತು.

"ಎಲ್ಲಿಗಪ್ಪಾ?"

"ಮನೆಗೆ. ದಾರಿ ಸ್ವಲ್ಪ ಸುತ್ತು."

"ಗುರುತು ಪರಿಚಯ ಇಲ್ದೋರನ್ನ ಹತ್ತಿಸ್ಕೊಳ್ಳಲ್ಲ ನಾನು."

ಅವನು ಟೋಪಿ ತೆಗೆದು ಎದೆಗೆ ಹಿಡಿದ. "ಹದಿಮೂರನೇ ದಿನ ನಿಮ್ಮನ್ನ ಒಂದು ಮಾತು ಕೇಳೋದಿದೆ ಮೇಡಂ."

"ಈಗಲೇ ಕೇಳಿ."

"ಆಗಲ್ಲ. ನಿಯಮ."

"ನಿಯಮ ಇರೋದು ಕೇಳೋರಿಗೆ ತಾನೇ? ಹೇಳೋರಿಗೆ ಇಲ್ವಲ್ಲ?" ಅಪೊಲೆನಾ ಬಗ್ಗಿ ಬಾಗಿಲು ತೆರೆದಳು. ನಗು ತಡೆಯಲು ಹೋಗಿ ಕಣ್ಣು ತುಂಬಿಕೊಂಡಿತ್ತು. "ಹೂಂ. ಆಗ್ತೀನಿ. ನೀನು ನಿಧಾನಕ್ಕೆ ಕೇಳು, ಈಗ ಹತ್ತು."